ಅಮೆರಿಕದ ಇಂಡಿ ರೇಸಿನ ಹಳೇ ಕಾರಲ್ಲಿ ಡ್ರೈವರ್ ಒಂದೇ ಪಕ್ಕಕ್ಕೆ ಯಾಕೆ?

ಕಲಬುರಗಿಯವ: ಹುಮನಾಬಾದ್ ರಿಂಗ್ ರೋಡಿನ ಗ್ಯಾರೇಜಲ್ಲಿ ಗಾಡಿ ಬಿಟ್ಟು, ಸುಮ್ನೆ ಕೂತು 1950ರ ದಶಕದ ಇಂಡಿಯಾನಾಪೊಲಿಸ್ (ಇಂಡಿ) ರೇಸಿನ ಫೋಟೋ ನೋಡುತ್ತಿದ್ದೆ. ಒಬ್ಬನೇ ಕೂರುವ ಕಾರು, ಆದರೂ ಡ್ರೈವರ್ ನಡುವಲ್ಲಿಲ್ಲ, ಬಲಕ್ಕೆ ಸರಿದಿದ್ದಾನೆ. ಯಾಕೆ? ಫಾರ್ಮುಲಾ ಒನ್‌ನವರು ಅಲ್ಲಿಗೆ ಬರುತ್ತಿರಲಿಲ್ವಾ?

ಬೀದರ್‌ನಿಂದ: ಅಲ್ಲಿ ತಿರುವೆಲ್ಲ ಎಡಕ್ಕೇ. 2.5 ಮೈಲಿಯ ಟ್ರ್ಯಾಕ್, 200 ಸುತ್ತು. ಕಬ್ಬು ತುಂಬಿದ ಟ್ರ್ಯಾಕ್ಟರ್ ತಿರುವಲ್ಲಿ ಹೊರಗೆ ವಾಲುತ್ತದಲ್ಲ, ಅದೇ ಲೆಕ್ಕ, ಭಾರವೆಲ್ಲ ಬಲಗಡೆ ಟೈರಿನ ಮೇಲೆ ಬೀಳುತ್ತದೆ. ಅದಕ್ಕೆ ರೇಸ್ ಕಾರು ಕಟ್ಟುವ ಫ್ರಾಂಕ್ ಕರ್ಟಿಸ್ 1952ರಲ್ಲಿ ಕಟ್ಟಿದ ರೋಡ್‌ಸ್ಟರ್‌ನಲ್ಲಿ (ಎಂಜಿನ್ ಮುಂದಿರುವ ತಗ್ಗು ಕಾರು) ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಎರಡನ್ನೂ ಎಡಕ್ಕೆ ಸರಿಸಿದ, ಡ್ರೈವರ್ ಆ ಶಾಫ್ಟಿನ ಬಲಪಕ್ಕದಲ್ಲಿ ತಗ್ಗಾಗಿ ಕೂತ. ಬಿಲ್ ವುಕೊವಿಚ್ ಅದೇ ಕಾರಲ್ಲಿ 1953, 1954 ಎರಡೂ ವರ್ಷ ಗೆದ್ದ. 1955ರಲ್ಲಿ ಮುಂದಿದ್ದಾಗಲೇ ಅಪಘಾತದಲ್ಲಿ ಸತ್ತ. ನನ್ನ ಪ್ರಕಾರ ಆ ಕಾಲದಲ್ಲಿ ಅವನಷ್ಟು ಗಟ್ಟಿ ಡ್ರೈವರ್ ಇನ್ನೊಬ್ಬನಿಲ್ಲ.

ಯಾದಗಿರಿ ಮೆಕ್ಯಾನಿಕ್: ಎಂಜಿನ್ ಬಗ್ಗೆ ಯಾರೂ ಹೇಳಲೇ ಇಲ್ಲ! ಆ ಕಾರಿನದು ಆಫೆನ್‌ಹೌಸರ್ ಎಂಜಿನ್, ಬರೀ ನಾಲ್ಕು ಸಿಲಿಂಡರ್. ಹೆಡ್ಡು, ಬ್ಲಾಕು ಒಂದೇ ಎರಕ, ಹಾಗಾಗಿ ಅವೆರಡರ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹಾರುವ ಮಾತೇ ಇಲ್ಲ. ನಮ್ಮ ಅರ್ಧ ಗಿರಾಕಿ ಬರೋದೇ ಆ ಗ್ಯಾಸ್ಕೆಟ್‌ನಿಂದ. ಆದರೆ ವಾಲ್ವ್ ಕೆಲಸ ಬಂದರೆ ಕೆಳಗಿನಿಂದ ಕೈ ಹಾಕಬೇಕು, ಅದು ತಲೆನೋವು. 1957ರಲ್ಲಿ ಜಾರ್ಜ್ ಸ್ಯಾಲಿ ಅನ್ನೋ ಕಾರು ಕಟ್ಟುವವ ಆ ಎಂಜಿನ್ನನ್ನೇ ಹೆಚ್ಚುಕಮ್ಮಿ ಮಲಗಿಸಿಬಿಟ್ಟ, ಕಾರು ತಗ್ಗಾಯಿತು, ಆ ವರ್ಷವೂ ಮರುವರ್ಷವೂ ಅದೇ ಕಾರು ಗೆದ್ದಿತು.

ಬೀದರ್‌ನಿಂದ: ಫಾರ್ಮುಲಾ ಒನ್ ವಿಷಯ ಮರೆತೆ. 1950ರಿಂದ 1960ರವರೆಗೆ ಇಂಡಿ ರೇಸಿನ ಪಾಯಿಂಟ್ ವಿಶ್ವ ಚಾಂಪಿಯನ್‌ಶಿಪ್‌ಗೂ ಸೇರುತ್ತಿತ್ತು, ಆದರೂ ಯುರೋಪಿನವರು ಬಂದದ್ದು ಕಮ್ಮಿ. 1952ರಲ್ಲಿ ಫಾರ್ಮುಲಾ ಒನ್ ಡ್ರೈವರ್ ಅಸ್ಕಾರಿ ಫೆರಾರಿ ಕಾರು ತಂದ, ಚಕ್ರ ಮುರಿಯಿತು. 1961ರಲ್ಲಿ ಇನ್ನೊಬ್ಬ ಫಾರ್ಮುಲಾ ಒನ್ ಡ್ರೈವರ್ ಬ್ರಾಬಮ್, ಹಿಂದೆ ಎಂಜಿನ್ ಇರುವ ಪುಟ್ಟ ಕೂಪರ್‌ನಲ್ಲಿ 9ನೆಯವನಾದ. 1965ರಲ್ಲಿ ಜಿಮ್ ಕ್ಲಾರ್ಕ್ ಅಂಥದೇ ಹಿಂದೆ ಎಂಜಿನ್ ಇರುವ ಲೋಟಸ್‌ನಲ್ಲಿ ಗೆದ್ದ ಮೇಲೆ ರೋಡ್‌ಸ್ಟರ್ ಕಥೆ ಮುಗಿಯಿತು.