ಸಹಾಯ ಬೇಕು: ಸ್ವೀಡಿಷ್‌ನ 'ಬೆಕ್' ಪದದ ಮೂಲ

ಎಲ್ಲರಿಗೂ ನಮಸ್ಕಾರ. ಸ್ವೀಡಿಷ್‌ನಲ್ಲಿ ಸಣ್ಣ ಹಳ್ಳಕ್ಕೆ 'ಬೆಕ್' ಅಂತಾರೆ. ಈ ಪದ ಎಲ್ಲಿಂದ ಬಂತು ಅಂತ ಹುಡುಕುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಸ್ವೀಡಿಷ್‌ನ ಪೂರ್ವಜ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ಇದು 'ಬೆಕ್ಕ್ರ್'. ಜರ್ಮನ್‌ನ 'ಬಾಖ್', ಡಚ್‌ನ 'ಬೇಕ್' ಇದರ ದಾಯಾದಿಗಳೇ. ನಾರ್ಸ್ ಆಡುತ್ತಿದ್ದ ಕಡಲಯಾನಿಗಳಾದ ವೈಕಿಂಗರು ಹೋದಲ್ಲೆಲ್ಲ ಈ ಪದವೂ ಹೋಗಿದೆ. ಇಂಗ್ಲೆಂಡಿನ ಉತ್ತರದಲ್ಲಿ ಇಂದಿಗೂ ಹಳ್ಳಕ್ಕೆ 'ಬೆಕ್' ಎನ್ನುತ್ತಾರೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ಕೋಡ್‌ಬೆಕ್, ಬೋಲ್‌ಬೆಕ್ ಅಂತ ಊರುಗಳೇ ಇವೆ. ಎಷ್ಟು ಚೆಂದ ಅಲ್ವಾ!

ನನ್ನ ಪ್ರಶ್ನೆ ಇಲ್ಲಿದೆ. ಜರ್ಮನ್‌ನಲ್ಲಿ 'ಆ' ಇರುವ ಕಡೆ ನಾರ್ಸ್‌ನಲ್ಲಿ 'ಎ' ಇದೆ, ಜೊತೆಗೆ ಕಕಾರಕ್ಕೆ ಒತ್ತು ಬಂದಿದೆ. ಮೂಲ ಪದದಲ್ಲಿ 'ಕ' ಆದಮೇಲೆ ಯಕಾರ ಇದ್ದದ್ದೇ ಎರಡಕ್ಕೂ ಕಾರಣ ಅಂತ ಓದಿದೆ. ಒಂದೇ ಯಕಾರ ಎರಡು ಕೆಲಸ ಹೇಗೆ ಮಾಡಿತು? ಭಾಷಾಶಾಸ್ತ್ರ ಓದಿದವರು ಇದೇ ಥರದ ಇನ್ನೆರಡು ಪದ ಕೊಟ್ಟು ಬಿಡಿಸಿ ಹೇಳ್ತೀರಾ? ಸುಮ್ನೆ ನಿಯಮದ ಹೆಸರು ಹೇಳಿದರೆ ನನಗೆ ತಿಳಿಯುವುದಿಲ್ಲ.

ಸ್ವೀಡನ್‌ನಲ್ಲಿರುವ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆ. 'ಬೆಕ್'ಗಿಂತ ದೊಡ್ಡದು 'ಓ', ಅದಕ್ಕಿಂತ ದೊಡ್ಡದು 'ಎಲ್ವ್' ಅಂತ ಗೊತ್ತು. ಉಪ್ಸಾಲಾ ಊರಿನ ನಡುವೆ ಹರಿಯುವ ಫ್ಯೂರಿಸ್ ಒಂದು 'ಓ'. ಆದರೆ ಮಾತಿನಲ್ಲಿ ಹಳ್ಳ ಎಷ್ಟು ಅಗಲವಾದರೆ ಜನ 'ಬೆಕ್' ಬಿಟ್ಟು 'ಓ' ಅನ್ನುತ್ತಾರೆ? 'ಸಣ್ಣ ಬೆಕ್‌ಗಳು ಬಹಳ ಸೇರಿದರೆ ದೊಡ್ಡ ಓ' ಅಂತ ಅವರ ಗಾದೆಯೇ ಇದೆ, ಥೇಟ್ ನಮ್ಮ 'ಹನಿ ಹನಿ ಕೂಡಿದರೆ ಹಳ್ಳ'.

ನಿಮ್ಮ ಹತ್ತಿರದ ಹಳ್ಳದ ಹೆಸರು, ಅಲ್ಲಿನವರು ಅದನ್ನು ಏನಂತ ಕರೀತಾರೆ ಅನ್ನೋದನ್ನು ಬರೆದರೂ ಸಾಕು, ತುಂಬಾ ಉಪಕಾರವಾಗುತ್ತೆ.