"ಮರಿ ಮಂಕಾಗಿವೆ, ಏನು ಕೊಡಲಿ?": ಡಾಕ್ಟರನ್ನು ಕೇಳುವ ಮೊದಲು ನೋಡಿಟ್ಟುಕೊಳ್ಳಬೇಕಾದ್ದು

ಪ್ರಶ್ನೆ: ಸರ್, ಕೋಳಿಮರಿಗಳು ಮಂಕಾಗಿವೆ. ಅರ್ಜೆಂಟ್. ಯಾವ ಔಷಧಿ, ಎಷ್ಟು ಹಾಕಲಿ? ಫೋಟೊ ಹಾಕಿದ್ದೇನೆ.

ಪಶುವೈದ್ಯ: ಕಾವು ಸಾಲದಿದ್ದರೂ ಮರಿ ಮಂಕಾಗುತ್ತದೆ, ರಕ್ತಭೇದಿ (ಕಾಕ್ಸಿಡಿಯೋಸಿಸ್) ಆದರೂ ಮಂಕಾಗುತ್ತದೆ, ಕೊಕ್ಕರೆ ರೋಗ (ರಾಣಿಖೇತ್) ಬಂದರೂ ಅಷ್ಟೇ. ಇಷ್ಟರಲ್ಲೇ ನಾನು ಔಷಧಿಯ ಹೆಸರು ಹೇಳಿದರೆ ಅದು ಬರೀ ಊಹೆ. ಹತ್ತು ನಿಮಿಷ ಗೂಡಿನ ಹತ್ತಿರ ಸುಮ್ಮನೆ ಕೂತು ನೋಡಿ, ಆಮೇಲೆ ಬರೆಯಿರಿ.

ಮೊದಲು ವಯಸ್ಸು, ವಾರದ ಲೆಕ್ಕದಲ್ಲಿ. "ಚಿಕ್ಕ ಮರಿ" ಅಂದರೆ ನನಗೆ ಏನೂ ತಿಳಿಯುವುದಿಲ್ಲ. ನಾಲ್ಕು ದಿನದ್ದಾದರೆ ನಾನು ಕಾವಿನ ಬಗ್ಗೆ ಕೇಳುತ್ತೇನೆ: ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32–35 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಬೇಕು. 3ರಿಂದ 6 ವಾರದ್ದಾದರೆ ರಕ್ತಭೇದಿ ಮೊದಲು ನೆನಪಿಗೆ ಬರುತ್ತದೆ. ಒಟ್ಟು ಎಷ್ಟು ಮರಿ, ಎಷ್ಟಕ್ಕೆ ತೊಂದರೆ, ಎಷ್ಟು ಸತ್ತಿವೆ, ಮೊದಲು ಕಂಡದ್ದು ಯಾವತ್ತು, ಹಾಕಿದ ಲಸಿಕೆ ಯಾವುವು, ಇವೂ ಬೇಕು.

ಹಿಕ್ಕೆ ನೋಡುವಾಗ ಒಂದು ಎಚ್ಚರ. ಕಂದು ಗಟ್ಟಿಯ ಮೇಲೆ ಬಿಳಿ ಟೋಪಿ ಇಟ್ಟಂತಿದ್ದರೆ ಸರಿ. ನಡುನಡುವೆ ಒಮ್ಮೆ ಅಂಟಂಟಾದ, ಕಾಫಿ ಬಣ್ಣದ, ನಾರುವ ಹಿಕ್ಕೆಯೂ ಬೀಳುತ್ತದೆ. ಅದು ಕುರುಡುಕರುಳಿನದು, ಭೇದಿಯಲ್ಲ. ಮೇವು ಬಿಟ್ಟ ಕೋಳಿ ಹಸಿರು ಹಾಕುತ್ತದೆ. ಅದೊಂದರಿಂದಲೇ ಕೊಕ್ಕರೆ ರೋಗ ಅನ್ನಲಾಗದು. ಹಸಿರಿನ ಜೊತೆ ಕತ್ತು ತಿರುಚಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಮಾತು ಬೇರೆ.

ಕೊನೆಯದಾಗಿ, ಜನ ಮುಚ್ಚಿಡುವ ವಿಷಯ: ಈಗಾಗಲೇ ಏನೇನು ಕೊಟ್ಟಿದ್ದೀರಿ? ಟಾನಿಕ್, ಪಕ್ಕದವರು ಕೊಟ್ಟ ಪುಡಿ, ಮನೆಮದ್ದು, ಎಲ್ಲವನ್ನೂ ಹೇಳಿ. ಯಾರೂ ಬೈಯುವುದಿಲ್ಲ.

ಹಳೆಯ ಸಾಕಣೆದಾರ: ಫೋಟೊ ಬಗ್ಗೆ ನನ್ನದೊಂದು ಮಾತು. ನಿಮ್ಮ ಫೋಟೊದಲ್ಲಿ ಕಾಣುತ್ತಿರುವುದು ಬಲ್ಬಿನ ಕೆಂಪು ಬೆಳಕು ಮಾತ್ರ. ಆ ಬೆಳಕಿನಲ್ಲಿ ರಕ್ತವೂ ಗೊತ್ತಾಗದು, ಬಿಳಿಚಿದ ಮುಖವೂ ಗೊತ್ತಾಗದು. ಹಗಲು ಬೆಳಕಿಗೆ ತನ್ನಿ. ಹಿಕ್ಕೆಯನ್ನು ಬಿಳಿ ಕಾಗದದ ಮೇಲೆ ಬೀಳುವಂತೆ ಮಾಡಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯಿರಿ. ಕುಂಟು, ಉಸಿರಾಟ, ಕತ್ತು ತಿರುಚುವುದು ಇವಕ್ಕೆಲ್ಲ 15 ಸೆಕೆಂಡಿನ ವಿಡಿಯೊ ಬೇಕು. ಮೊದಲು ದೂರದಿಂದ ತೆಗೆಯಿರಿ: ಮನುಷ್ಯ ಹತ್ತಿರ ಬಂದ ಕೂಡಲೇ ಕೋಳಿ ಕಾಯಿಲೆ ಬಚ್ಚಿಟ್ಟು ನೆಟ್ಟಗೆ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು: ಕ್ಷಮಿಸಿ ಸರ್, ಗಾಬರಿಯಲ್ಲಿ ಬರೆದೆ. 5 ವಾರದ 12 ಮರಿಗಳು. ನಿನ್ನೆ ಬೆಳಿಗ್ಗೆಯಿಂದ 3 ಮರಿ ಗರಿ ಕೆದರಿಕೊಂಡು ಮೂಲೆಯಲ್ಲಿ ಕೂತಿವೆ, ಇವತ್ತು ಒಂದು ಸತ್ತಿದೆ. ಹಿಕ್ಕೆಯಲ್ಲಿ ರಕ್ತ ಇದೆ. ಕಾಗದದ ಮೇಲಿನ ಫೋಟೊ ಹಾಕಿದ್ದೇನೆ. ಉಸಿರಾಟ ಸರಿಯಿದೆ, ಕುಂಟಿಲ್ಲ. ನೀರಿನ ಪಾತ್ರೆಯ ಸುತ್ತ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿದೆ. ಲಸಿಕೆ ಕೊಕ್ಕರೆ ರೋಗದ್ದು ಮಾತ್ರ ಆಗಿದೆ. ಎರಡು ದಿನದಿಂದ ಬಿ ವಿಟಮಿನ್ ಟಾನಿಕ್ ಕೊಡುತ್ತಿದ್ದೇನೆ. ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಔಷಧಿ ತಂದಿದ್ದೇನೆ, ಲೀಟರಿಗೆ ಒಂದು ಚಮಚ ಸಾಕಾ?

ಪಶುವೈದ್ಯ: ಈಗ ಉತ್ತರ ಕೊಡಬಹುದು. ವಯಸ್ಸು, ರಕ್ತ, ಒದ್ದೆ ಹೊಟ್ಟು ಮೂರೂ ಕೂಡಿದರೆ ರಕ್ತಭೇದಿ ಎಂದೇ ಹಿಡಿದು ಚಿಕಿತ್ಸೆ ಶುರು ಮಾಡಬೇಕು. ಹಿಕ್ಕೆಯ ಪರೀಕ್ಷೆ ಆಗುವ ಹಾಗಿದ್ದರೆ ಮಾಡಿಸಿ, ಆದರೆ ವರದಿಗಾಗಿ ಕಾಯಬೇಡಿ.

ಚಮಚದ ಲೆಕ್ಕ ಬೇಡ. ಆಂಪ್ರೋಲಿಯಂ ಬೇರೆಬೇರೆ ಶಕ್ತಿಯಲ್ಲಿ ಸಿಗುತ್ತದೆ. ನೀರಿನಲ್ಲಿ ಇರಬೇಕಾದ್ದು ಲೀಟರಿಗೆ 240 ಮಿಲಿಗ್ರಾಂ. ಪೊಟ್ಟಣದ ಮೇಲೆ 20% ಪುಡಿ ಎಂದಿದ್ದರೆ ಲೀಟರಿಗೆ 1.2 ಗ್ರಾಂ; 9.6% ದ್ರಾವಣ ಎಂದಿದ್ದರೆ ಲೀಟರಿಗೆ 2.5 ಮಿ.ಲೀ. ಪುಡಿಯನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ದ್ರಾವಣವನ್ನು ಸಿರಿಂಜಿನಲ್ಲಿ ಅಳೆಯಿರಿ. ಅದಕ್ಕೇ "ಎಷ್ಟು ಹಾಕಲಿ" ಎಂದು ಕೇಳುವವರು ಲೇಬಲ್ಲಿನ ಫೋಟೊ ಹಾಕಬೇಕು.

ಈ ನೀರು 5 ದಿನ. ಬೇರೆ ನೀರು ಸಿಗಬಾರದು, ದಿನಾ ಹೊಸದಾಗಿ ಕಲಸಬೇಕು. ಉಳಿದ 11 ಮರಿಗೂ ಇದೇ ನೀರು, ಚುರುಕಾಗಿರುವವಕ್ಕೂ. ಆಮೇಲೆ ಒಂದರಿಂದ ಎರಡು ವಾರ ಕಾಲು ಪ್ರಮಾಣ, ಅಂದರೆ ಲೀಟರಿಗೆ 60 ಮಿಲಿಗ್ರಾಂ.

ಟಾನಿಕ್ ಈಗಲೇ ನಿಲ್ಲಿಸಿ. ಆಂಪ್ರೋಲಿಯಂ ರಚನೆಯಲ್ಲಿ ಬಿ1 ವಿಟಮಿನ್ನಿನಂತೆಯೇ ಇದೆ. ರೋಗಾಣು ಬಿ1 ಎಂದುಕೊಂಡು ಇದನ್ನು ಹೀರಿ ಸೊರಗುತ್ತದೆ. ನೀವು ನಿಜವಾದ ಬಿ1 ಸುರಿದರೆ ಔಷಧಿಯ ಕೆಲಸವೇ ಕುಂದುತ್ತದೆ. ಟಾನಿಕ್ ವಿಷಯ ನೀವು ಹೇಳದೇ ಹೋಗಿದ್ದರೆ ಐದು ದಿನ ಬಿಟ್ಟು "ಔಷಧಿ ನಾಟಲಿಲ್ಲ" ಎಂದು ಬರುತ್ತಿದ್ದಿರಿ. ವಿಟಮಿನ್ ಚಿಕಿತ್ಸೆ ಮುಗಿದ ಮೇಲೆ ಕೊಡಿ.

ಮಂಕಾದ ಮರಿ ತಾನಾಗಿ ಪಾತ್ರೆಯ ಹತ್ತಿರ ಹೋಗುವುದಿಲ್ಲ. ಕೊಕ್ಕಿನ ಪಕ್ಕಕ್ಕೆ ಅದೇ ನೀರನ್ನು ಹನಿಹನಿಯಾಗಿ ತಾಗಿಸಿ, ಅದೇ ನುಂಗಲಿ. ಗಂಟಲೊಳಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಒದ್ದೆ ಹೊಟ್ಟು ಇವತ್ತೇ ಹೊರಗೆ. ಹಿಕ್ಕೆಯಲ್ಲಿ ಬಿದ್ದ, ರೋಗಾಣುವಿನ ಮೊಟ್ಟೆಯಂಥ ಕಣಗಳು ಬೆಚ್ಚಗಿನ ತೇವದಲ್ಲಿ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರಾಗುತ್ತವೆ, ಮಾಮೂಲಿ ಫಿನಾಯಿಲಿಗೆ ಜಗ್ಗುವುದಿಲ್ಲ. ಒಣಗಿಸುವುದೇ ದೊಡ್ಡ ಮದ್ದು. ಪಾತ್ರೆಯ ಅಂಚನ್ನು ಮರಿಯ ಬೆನ್ನಿನ ಮಟ್ಟಕ್ಕೆ ಏರಿಸಿ.

ಮತ್ತೊಬ್ಬ ಸದಸ್ಯೆ: ಡಾಕ್ಟ್ರೇ, ಜೊತೆಗೆ ಒಂದು ಆ್ಯಂಟಿಬಯಾಟಿಕ್ ಸೇರಿಸಿದರೆ ಒಳ್ಳೆಯದಲ್ಲವೇ? ಇನ್ನೊಬ್ಬರು ಹಾಗೆ ಹೇಳಿದರು.

ಪಶುವೈದ್ಯ: ಬೇಡಮ್ಮ. ಇದು ಬ್ಯಾಕ್ಟೀರಿಯಾ ಅಲ್ಲ. ಇಬ್ಬರನ್ನು ಕೇಳುವುದು ತಪ್ಪಲ್ಲ. ಇಬ್ಬರ ಔಷಧಿಯನ್ನೂ ಒಂದೇ ಪಾತ್ರೆಗೆ ಹಾಕುವುದು ತಪ್ಪು. ಕೇಳಿದರೆ "ಇಂಥವರು ಇದನ್ನು ಹೇಳಿದ್ದಾರೆ, ಇಷ್ಟು ದಿನ ಆಯ್ತು" ಎಂದು ಎರಡನೆಯವರಿಗೂ ತಿಳಿಸಿ. ಇನ್ನು ಮೊಟ್ಟೆ ಇಡುವ ಹೇಂಟೆಗೆ ಯಾವುದೇ ಔಷಧಿ ಕೊಡುವ ಮೊದಲು ಮೊಟ್ಟೆ ಎಷ್ಟು ದಿನ ತಿನ್ನಬಾರದು ಎಂದು ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು: ಸತ್ತ ಮರಿಯನ್ನು ಹೂಳಿಬಿಡಲಾ?

ಪಶುವೈದ್ಯ: ಶವಪರೀಕ್ಷೆ ಮಾಡುವವರು ಹತ್ತಿರದಲ್ಲಿದ್ದರೆ ಹೂಳಬೇಡಿ. ನೂರು ಫೋಟೊ ಹೇಳದ್ದನ್ನು ಅದೊಂದೇ ಹೇಳುತ್ತದೆ. ಕೈಗೆ ಕವರ್ ಹಾಕಿ, ಸೋಪಿನ ತಣ್ಣೀರಿನಲ್ಲಿ ಗರಿ ನೆನೆಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಡಬ್ಬಿಯಲ್ಲಿಡಿ. ಗರಿ ಒಣಗಿದ್ದರೆ ಮೈಯ ಬಿಸಿ ಆರದೆ ಒಳಗೇ ಕೊಳೆಯುತ್ತದೆ. ಫ್ರೀಜರಿನಲ್ಲಿ ಗಟ್ಟಿಯಾಗಿಸಬೇಡಿ, ಅಂಗಾಂಶ ಹಾಳಾಗುತ್ತದೆ. 24 ಗಂಟೆಯೊಳಗೆ ತಲುಪಿಸಿ.

ಹಳೆಯ ಸಾಕಣೆದಾರ: ಒಂದೇ ದಿನ ಇದ್ದಕ್ಕಿದ್ದಂತೆ ಹಲವು ಕೋಳಿ ಸತ್ತರೆ, ಮುಖ ಊದಿ ಜುಟ್ಟು ನೀಲಿಯಾದರೆ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ. ಹಕ್ಕಿಜ್ವರವೂ ಇರಬಹುದು, ಮುಟ್ಟದೆ ಸರ್ಕಾರಿ ಪಶುವೈದ್ಯರಿಗೆ ನೇರ ಫೋನ್ ಮಾಡಿ. ಅಲ್ಲಿಂದ ಕೋಳಿ, ಮೊಟ್ಟೆ, ಚೀಲ ಯಾವುದೂ ಹೊರಗೆ ಹೋಗಬಾರದು.

ಪಶುವೈದ್ಯ: ಮೂರನೇ ದಿನ ಮೂರು ಸಾಲು ಬರೆಯಿರಿ: ರಕ್ತ ನಿಂತಿತೇ, ಮೇವು ತಿಂತಿವೆಯೇ, ಇನ್ನೆಷ್ಟು ಸತ್ತವು. ಅಷ್ಟರಲ್ಲಿ ಚೇತರಿಕೆ ಕಾಣದಿದ್ದರೆ ಔಷಧಿ ಬದಲಿಸಬೇಕಾಗುತ್ತದೆ. ಹೊಸ ಪೋಸ್ಟ್ ಬೇಡ, ಇದರ ಕೆಳಗೇ ಬರೆಯಿರಿ.