ಸಹಾಯ ಬೇಕು: ಡಿಸೆಂಬರ್‌ನಲ್ಲಿ ಬ್ರೈಸ್ ಕ್ಯಾನ್ಯನ್, ಜೊತೆಗೆ ಅಪ್ಪ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರೋದು ಫೀನಿಕ್ಸ್‌ನಲ್ಲಿ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ, ಹಿಮ ನೋಡಲೇಬೇಕು ಅಂತ ಅಮ್ಮನ ಹಟ. ಡಿಸೆಂಬರ್ ಕೊನೇ ವಾರ ಯೂಟಾದ ಬ್ರೈಸ್ ಕ್ಯಾನ್ಯನ್‌ಗೆ ಹೊರಟಿದ್ದೀವಿ.

ಹೋದ ಫೆಬ್ರವರಿಯಲ್ಲಿ ನಾನೊಬ್ಬನೇ ಹೋಗಿದ್ದೆ. ಕೆಂಪು ಕಲ್ಲಿನ ಕಂಬಗಳ ನೆತ್ತಿ ಮೇಲೆಲ್ಲ ದೋಸೆ ಮೇಲಿನ ಬೆಣ್ಣೆ ಥರ ಹಿಮ. ಹಗಲು ಬಿಸಿಲಿಗೆ ಕರಗಿ ಬಿರುಕಿಗಿಳಿಯುತ್ತೆ, ರಾತ್ರಿ ಹೆಪ್ಪುಗಟ್ಟಿ ಉಬ್ಬಿ ಕಲ್ಲನ್ನೇ ಸೀಳುತ್ತೆ. ಆ ಕಂಬಗಳನ್ನು ಕೆತ್ತಿರೋದೇ ಮುಖ್ಯವಾಗಿ ಈ ಆಟ. ಮರುಭೂಮಿ ತಾನೇ ಅಂತ ಹಗುರವಾಗಿ ತಗೊಂಡಿದ್ದೆ; ಕಣಿವೆಯ ಅಂಚೇ ಸುಮಾರು 8,000 ಅಡಿ ಎತ್ತರ, ಕಾರಲ್ಲಿಟ್ಟ ನೀರಿನ ಬಾಟಲಿ ಬೆಳಗ್ಗೆ ಕಲ್ಲಾಗಿತ್ತು. ಕಣಿವೆಯೊಳಕ್ಕೆ ಹೋಗೋ ನವಾಹೋ ಲೂಪ್ ಕಾಲುದಾರಿ ಇಳಿಯುವಾಗ ಎರಡು ಸಲ ಜಾರಿ ಬಿದ್ದೆ (ಯಾರೂ ನೋಡಲಿಲ್ಲ ಅನ್ಕೊಂಡಿದ್ದೀನಿ).

ಅಪ್ಪನಿಗೆ 68, ಮಂಡಿ ನೋವು ಬೇರೆ. ಕೆಳಗಂತೂ ಇಳಿಸಲ್ಲ. ಸನ್‌ಸೆಟ್ ಪಾಯಿಂಟ್‌ನಿಂದ ಸನ್‌ರೈಸ್ ಪಾಯಿಂಟ್‌ವರೆಗಿನ ಕಣಿವೆ ಅಂಚಿನ ಅರ್ಧ ಮೈಲಿ ಹಾದಿ ಹಿಮ ಬಿದ್ದ ಮೇಲೆ ಹಿರಿಯರು ನಡೆಯೋ ಹಾಗಿರುತ್ತಾ? ಶೂ ಅಡಿಗೆ ಹಾಕೋ ಮುಳ್ಳಿನ ಪಟ್ಟಿ ಸಾಕಾ, ಊರುಗೋಲೂ ಬೇಕಾ? ನಮ್ಮದು ಸಾದಾ ಸೆಡಾನ್, ಟೈರಿಗೆ ಚೈನ್ ತಗೊಳ್ಳಲಾ ಅಥವಾ ಫೋರ್ ವೀಲ್ ಡ್ರೈವ್ ಬಾಡಿಗೆಗೆ ತಗೊಳ್ಳೋದೇ ವಾಸಿನಾ? ಹತ್ತಿರದ ಟ್ರಾಪಿಕ್ ಅನ್ನೋ ಊರಲ್ಲಿ ಅಡುಗೆಮನೆ ಇರೋ ರೂಮಲ್ಲಿ ಉಳಿದವರಿದ್ದರೂ ಹೇಳಿ. ಬೆಳಗ್ಗೆ ಫಿಲ್ಟರ್ ಕಾಫಿ ಆಗದಿದ್ದರೆ ಅಪ್ಪ ಹಿಮ ನೋಡೋಕೂ ಎದ್ದು ಬರಲ್ಲ.